ನಾಲ್ಕು ಕಾಲಿನ ಲೆಕ್ಕ

ನಮ್ಮ ಮನೆಯಲ್ಲಿ ಕಾಲು ಸಾರು ಆಗುತ್ತಿದ್ದುದು ವರ್ಷಕ್ಕೆ ಒಂದೋ ಎರಡೋ ಸಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹಳ್ಳಿ ಅಡುಗೆಯ ಬಗ್ಗೆ ಬರೆಯುವವರೆಲ್ಲ ವಾರಕ್ಕೆರಡು ಬಾಡೂಟ ಉಂಡು ಬೆಳೆದವರಂತೆ ಬರೆಯುತ್ತಾರೆ. ಅರಸೀಕೆರೆ ಕಡೆಯ ನಮ್ಮೂರಲ್ಲಿ ಮಾಂಸ ಎಂದರೆ ಯುಗಾದಿ ಮಾರನೇ ದಿನದ ಹೊಸತೊಡಕು, ಮಾರಿಹಬ್ಬ, ಮಹಾಲಯ ಅಮಾವಾಸ್ಯೆಯ ಎಡೆ, ಅದು ಬಿಟ್ಟರೆ ಯಾರದಾದರೂ ಬೀಗರೂಟ. ಸೋಮವಾರ ಶಿವನದು, ಶನಿವಾರ ಮಾಲೇಕಲ್ಲು ತಿರುಪತಿಯ ವೆಂಕಟರಮಣನದು, ಶ್ರಾವಣ ಪೂರ್ತಿ ಇಬ್ಬರದೂ. ದೇವರುಗಳ ಲೆಕ್ಕ ಕಳೆದು ಉಳಿದ ದಿನಗಳಿಗೆ ದುಡ್ಡಿರಲಿಲ್ಲ.

ಹೊಸತೊಡಕಿಗೆ ಹತ್ತು ಹನ್ನೆರಡು ಮನೆಯವರು ಸೇರಿ ಕುರಿ ಹಿಡಿಯುತ್ತಿದ್ದರು. ತೆಂಗಿನ ಗರಿ ಹಾಸಿ ಗುಡ್ಡೆ ಹಾಕುವುದು. ತಕ್ಕಡಿ ಇಲ್ಲ, ಕಣ್ಣಳತೆಯೇ. ಪ್ರತಿ ಗುಡ್ಡೆಗೂ ಒಂದು ಚೂರು ಈಲಿ, ಒಂದು ಹಿಡಿ ಬೋಟಿ, ಇಷ್ಟು ಮೂಳೆ. ಗುಡ್ಡೆ ಹಾಕಿದವನು ಎಲ್ಲರೂ ಆರಿಸಿಕೊಂಡ ಮೇಲೆ ಉಳಿದದ್ದನ್ನು ಎತ್ತಿಕೊಳ್ಳಬೇಕು. ಅದಕ್ಕಿಂತ ಒಳ್ಳೆಯ ತಕ್ಕಡಿಯನ್ನು ನಾನು ಕಂಡಿಲ್ಲ. ಆದರೆ ನಾಲ್ಕು ಕಾಲನ್ನು ಹನ್ನೆರಡು ಗುಡ್ಡೆಗೆ ಹಂಚಲು ಬರುವುದಿಲ್ಲವಲ್ಲ, ಹಾಗಾಗಿ ತಲೆ, ಕಾಲುಗಳನ್ನು ಹರಾಜು ಕೂಗುತ್ತಿದ್ದರು. ಮನೆಯಲ್ಲಿ ಬಾಣಂತಿಯೋ, ಮೂಳೆ ಮುರಿದವರೋ ಇದ್ದರೆ ಕೂಗಿಲ್ಲದೆ ಕಾಲು ಅವರಿಗೇ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ದೊಡ್ಡಪ್ಪ ತೆಂಗಿನ ಮರದಿಂದ ಬಿದ್ದು ಕಾಲು ಮುರಿದುಕೊಂಡ. ಆ ವರ್ಷ ನಾಲ್ಕೂ ಕಾಲು ನಮ್ಮ ಮನೆಗೆ ಬಂದವು.

ಅಜ್ಜಿ ಅವನ್ನು ಕೆಂಡದ ಮೇಲೆ ಹೊರಳಿಸಿ ಹೊರಳಿಸಿ ಸುಟ್ಟಳು. ಕೂದಲು ಸುಟ್ಟ ನಾತ ಇಡೀ ಬೀದಿಗೆ ಹರಡಿತು. ಎದುರು ಮನೆಯ ಲಿಂಗಾಯತರು ಜಗಳವಾಡದೆ, ಮಾತೂ ಆಡದೆ, ಕಿಟಕಿ ಮುಚ್ಚಿದರು. ಗೊರಸು ಬಿಸಿಯಿದ್ದಾಗಲೇ ಕಲ್ಲಿಗೆ ಕುಟ್ಟಿದರೆ ಕಳಚಿಕೊಳ್ಳುತ್ತದೆ, ಆರಿದರೆ ಬರುವುದಿಲ್ಲ. ಆಮೇಲೆ ಚಾಕುವಿನಲ್ಲಿ ಹೆರೆದು, ಅರಿಶಿನ ಹಚ್ಚಿ ತೊಳೆದು, ಮಚ್ಚಿನಲ್ಲಿ ತುಂಡು ಮಾಡಿ ಮಡಕೆಗೆ ಹಾಕುವುದು. ನಮ್ಮದು ತೆಂಗಿನ ಸೀಮೆ, ಸೌದೆಗೆ ಬರ, ಕಾಯಿ ಸಿಪ್ಪೆಗೆ ಬರವಿಲ್ಲ. ಸಿಪ್ಪೆ ಧಗ್ಗನೆ ಉರಿಯುವುದಿಲ್ಲ, ಒಳಗೊಳಗೇ ಕನಲುತ್ತದೆ. ರಾತ್ರಿ ಊಟ ಮುಗಿದ ಮೇಲೆ ಒಲೆಗೆ ಸಿಪ್ಪೆ ತುಂಬಿ ಮಡಕೆ ಇಟ್ಟರೆ ಬೆಳಗಿನವರೆಗೂ ಗುಳುಗುಳು ಎನ್ನುತ್ತಿತ್ತು. ಬೆಳಿಗ್ಗೆ ದನಿಯ, ಮೆಣಸು, ಬೆಳ್ಳುಳ್ಳಿ, ಕಾಯಿ, ಹುರಿಗಡಲೆ ಒರಳಲ್ಲಿ ಅರೆದು ಹಾಕಿ ಇನ್ನೊಂದು ಕುದಿ.

ಕಾಲಲ್ಲಿ ಮಾಂಸ ಎಲ್ಲಿದೆ? ಇರುವುದೆಲ್ಲ ಚರ್ಮ, ನರ, ಮೂಳೆ. ಅವುಗಳಲ್ಲಿರುವ ಕೊಲಾಜೆನ್ ನೀರಿನಲ್ಲಿ ಗಂಟೆಗಟ್ಟಲೆ ಬೆಂದರೆ ಕರಗಿ ಜೆಲಾಟಿನ್ ಆಗುತ್ತದೆ. ತುಟಿ ಅಂಟುವುದು ಅದರಿಂದ. ಉಳಿದ ಸಾರು ಚಳಿಗೆ ಹೆಪ್ಪುಗಟ್ಟಿ, ತಟ್ಟೆ ಅಲುಗಿಸಿದರೆ ನಡುಗುವುದೂ ಅದರಿಂದಲೇ. ಮೂಳೆಗೆ ಮೂಳೆ ಎಂಬ ನಂಬಿಕೆಯ ಮಾತು ಬೇರೆ. ಹೊಟ್ಟೆಗೆ ಹೋದ ಮೇಲೆ ಅದೂ ಉಳಿದೆಲ್ಲ ಪ್ರೋಟೀನಿನಂತೆ ಜೀರ್ಣವಾಗುತ್ತದೆ, ಕುರಿಯ ಕಾಲು ನೆಟ್ಟಗೆ ಮನುಷ್ಯನ ಕಾಲಿಗೆ ಹೋಗಿ ಸೇರುವುದಿಲ್ಲ. ದೊಡ್ಡಪ್ಪನ ಮೂಳೆ ಕೂಡಿತು. ಸೊಟ್ಟಗೆ ಕೂಡಿತು.

ಬಡಿಸುವ ಕ್ರಮ ಹೀಗಿತ್ತು: ಮೊದಲು ದೊಡ್ಡಪ್ಪ, ಆಮೇಲೆ ಅಪ್ಪ, ಮಕ್ಕಳು, ಕೊನೆಗೆ ಹೆಂಗಸರು. ಅಜ್ಜಿಯ ಸರದಿ ಬರುವ ಹೊತ್ತಿಗೆ ಮಡಕೆಯಲ್ಲಿರುತ್ತಿದ್ದುದು ಬಿಸಿನೀರು ಬೆರೆಸಿ ಹಿಗ್ಗಿಸಿದ ಸಾರು. ಮುದ್ದೆ ಮುರಿದು ಅದರಲ್ಲೇ ಅದ್ದಿ ನುಂಗುತ್ತಿದ್ದಳು. ರಾತ್ರಿಯೆಲ್ಲ ಎದ್ದೆದ್ದು ಒಲೆ ಊದಿದವಳು ಒಂದು ತುಂಡು ಕಾಲು ಚೀಪಿದ್ದನ್ನು ನಾನು ನೋಡಿಲ್ಲ. ಆಗ ಅದು ನನ್ನ ಕಣ್ಣಿಗೆ ಬಿದ್ದಿರಲೂ ಇಲ್ಲ.

ಅರಸೀಕೆರೆಯಿಂದ ಬಾಣಾವರ, ಜಾವಗಲ್ ದಾಟಿ ಹಳೇಬೀಡು, ಬೇಲೂರಿಗೆ ಹೋಗುವ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 73. ಆ ರಸ್ತೆಯುದ್ದಕ್ಕೂ ಸಾರು ಅದೇ, ಜೊತೆಗಿರುವುದು ಬದಲಾಗುತ್ತದೆ. ನಮ್ಮಲ್ಲಿ ಮುದ್ದೆ. ಬೇಲೂರು ದಾಟಿ ಮಲೆನಾಡು ಶುರುವಾಯಿತೋ ಅಕ್ಕಿರೊಟ್ಟಿ, ಕಡುಬು. ಮಸಾಲೆಯಲ್ಲಿ ಒಣಮೆಣಸಿನಕಾಯಿ ಇಳಿದು ಕರಿಮೆಣಸು ಏರುತ್ತದೆ. ಬೇಲೂರಿನಲ್ಲಿದ್ದ ಚಿಕ್ಕಮ್ಮ ನಮ್ಮ ಸಾರನ್ನು 'ಬಯಲುಸೀಮೆ ಖಾರದ ನೀರು' ಎನ್ನುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅವಳ ಮನೆಗೆ ಹೋದಾಗಲೆಲ್ಲ ಚೆನ್ನಕೇಶವನ ಗುಡಿಗೂ ಹೋಗುತ್ತಿದ್ದೆವು, ಅದೂ ಮಾಂಸ ತಿನ್ನದ ದಿನ ನೋಡಿ. 1117ರಲ್ಲಿ ಪ್ರತಿಷ್ಠೆಯಾದ ಗುಡಿ. 2023ರಲ್ಲಿ ಹಳೇಬೀಡು, ಸೋಮನಾಥಪುರಗಳ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿತು. ಅಲ್ಲಿನ ಮದನಿಕೆಯರಲ್ಲಿ ಕನ್ನಡಿ ಹಿಡಿದವಳ ಮುಂದೆ ಜನ ಮುತ್ತುತ್ತಾರೆ. ಬಿಲ್ಲು ಹಿಡಿದು ಬೇಟೆಗೆ ನಿಂತವಳೂ ಒಬ್ಬಳಿದ್ದಾಳೆ. ಗುಡಿ ಕಟ್ಟಿಸಿದ ವಿಷ್ಣುವರ್ಧನನಿಗೆ ಮೇಲರಸರಾಗಿದ್ದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೇ ಸೋಮೇಶ್ವರ, ಸುಮಾರು 1130ರ ಹೊತ್ತಿಗೆ 'ಮಾನಸೋಲ್ಲಾಸ' ಬರೆಸಿದ. ಹಂದಿಯ ಕೂದಲನ್ನು ಸುಡುನೀರು ಸುರಿದು, ಇಲ್ಲವೇ ಹುಲ್ಲಿನ ಬೆಂಕಿಯಲ್ಲಿ ಸುಟ್ಟು ತೆಗೆಯುವ ವಿಧಾನ ಅದರಲ್ಲಿದೆ. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟ ಬೇಕೆಂದು ಕೂಗೆದ್ದು, ಬೇಕೇ ಬೇಡವೇ ಎಂದು ವಾರಗಟ್ಟಲೆ ಚರ್ಚೆಯಾದಾಗ ನನಗೆ ನೆನಪಾದದ್ದು ಈ ರಾಜ. ಅರಮನೆಯಲ್ಲಿ ಶಾಸ್ತ್ರವಾಗಿದ್ದದ್ದು ನಮ್ಮ ಬೀದಿಯಲ್ಲಿ ನಾತವಾಗಿತ್ತು.

ಇದೇ ನಾಲ್ಕು ಕಾಲಿಗೆ ಪೇಟೆಯಲ್ಲಿ ಪಾಯ ಎಂದು ಹೆಸರು. ಪಾರಸಿಯಲ್ಲೂ ಉರ್ದುವಿನಲ್ಲೂ ಅದರರ್ಥ ಕಾಲು ಎಂದೇ. ಕೊಬ್ಬರಿ ಮಂಡಿಗೆ ಗಾಡಿ ಹೊಡೆದುಕೊಂಡು ಹೋದಾಗ ಅಪ್ಪ ಬೆಳಗಿನ ಜಾವ ಸಾಬರ ಹೋಟೆಲಿನಲ್ಲಿ ಪಾಯ ಕುಡಿದು ಬರುತ್ತಿದ್ದ, ಮನೆಯಲ್ಲಿ ಹೇಳುತ್ತಿರಲಿಲ್ಲ. ಊರಿನ ಕುರಿ ಕೊಯ್ಯಲು ಬರುತ್ತಿದ್ದವರೂ ಪಕ್ಕದೂರಿನ ಸಾಬರೇ. ಅದು ಹಲಾಲೋ ಅಲ್ಲವೋ ಎಂದು ಕೇಳಬೇಕೆಂದೇ ಯಾರಿಗೂ ತೋಚಿರಲಿಲ್ಲ. 2022ರ ಹೊಸತೊಡಕಿಗೆ ರಾಜ್ಯದುದ್ದಕ್ಕೂ ಅದೇ ಮಾತಾಯಿತು. ನಮ್ಮೂರಲ್ಲೂ ಆ ವರ್ಷ ಎರಡು ಕುರಿ ಬಿದ್ದವು, ಎರಡು ಕಡೆ ಗುಡ್ಡೆ.

ಈಗ ಕಾಲಿಗೆ ಹರಾಜಿಲ್ಲ. ಭಾನುವಾರ ಅಂಗಡಿಯವರೇ ಗ್ಯಾಸ್ ಗನ್ನಿನಲ್ಲಿ ಐದು ನಿಮಿಷಕ್ಕೆ ಸುಟ್ಟು, ಹೆರೆದು, ತುಂಡು ಮಾಡಿ ಕವರಿಗೆ ಹಾಕಿ ಕೊಡುತ್ತಾರೆ. ಸಂಜೆ ರಸ್ತೆ ಬದಿಯ ಗಾಡಿಗಳಲ್ಲಿ ಅದು 'ಕಾಲ್ ಸೂಪ್'. ಪೇಪರ್ ಲೋಟದಲ್ಲಿ, ಮೇಲೆ ಮೆಣಸಿನ ಪುಡಿ ಉದುರಿಸಿ. ಮಂಡಿನೋವಿನವರು ನಿಂತು ಕುಡಿಯುತ್ತಾರೆ. ಮನೆಯಲ್ಲಿ ಅವ್ವ ಕುಕ್ಕರಿಗೆ ಹಾಕುತ್ತಾಳೆ. ಕುಕ್ಕರಿನೊಳಗೆ ನೀರು ಸುಮಾರು 120 ಡಿಗ್ರಿವರೆಗೆ ಕಾಯುವುದರಿಂದ ರಾತ್ರಿಯ ಕೆಲಸ ಮುಕ್ಕಾಲು ಗಂಟೆಗೆ ಇಳಿದಿದೆ. ಸಾರು ಈಗಲೂ ಹೆಪ್ಪುಗಟ್ಟುತ್ತದೆ, ತುಟಿ ಅಂಟುತ್ತದೆ. ಅವ್ವ ಮೊದಲ ತುಂಡನ್ನು ತಾನೇ ಹಾಕಿಕೊಳ್ಳುತ್ತಾಳೆ.

ಎರಡು ವರ್ಷದ ಹಿಂದೆ ನನಗೂ ಹಳೆಯದರ ಹುಚ್ಚು ಹಿಡಿದು ಸಂತೆಯಿಂದ ಮಡಕೆ ತಂದೆ. ಸಿಪ್ಪೆ ಒಲೆ ಹೂಡು ಎಂದರೆ ಅವ್ವ, "ಬೇಕಾದ್ರೆ ನೀನೇ ಕೂತ್ಕೊಂಡು ಊದು" ಎಂದಳು. ಗ್ಯಾಸಿನ ಮೇಲೆ ಸಣ್ಣ ಉರಿಯಲ್ಲಿ ಏಳು ಗಂಟೆ ಬೇಯಿಸಿದೆ. ಬಡಿಸಿದೆ. ಅವ್ವ ಒಂದು ಗುಟುಕು ಕುಡಿದು ಯೋಚಿಸಿದಳು. ರುಚಿಯ ಬಗ್ಗೆ ಏನೋ ಹೇಳುತ್ತಾಳೆಂದು ಕಾದೆ.

"ಗ್ಯಾಸೆಷ್ಟು ಹೋಯ್ತು?" ಎಂದಳು.