ಕಡಲು ಬಲಗಡೆ ಇತ್ತಂತೆ

ಕಾರಿನ ಬಲಗಡೆ ಅಟ್ಲಾಂಟಿಕ್ ಸಾಗರವಿತ್ತು ಎನ್ನುವುದಕ್ಕೆ ನನ್ನ ಅಕ್ಕನ ಮಗನ ಮಾತೊಂದೇ ಸಾಕ್ಷಿ. ನನಗೆ ಕಂಡದ್ದು ವೈಪರು.

ಕೆನಡಾದ ಕೇಪ್ ಬ್ರೆಟನ್ ದ್ವೀಪದ ಕ್ಯಾಬಟ್ ಟ್ರೇಲ್ ರಸ್ತೆಯ ಬಗ್ಗೆ ಆ ದೇಶದಲ್ಲಿ ಮಕ್ಕಳಿರುವವರಿಗೆ ನಾನು ಹೇಳಬೇಕಾಗಿಲ್ಲ. ಅವರ ಮೊಬೈಲಿಗೆ ಫೋಟೋ ಬಂದಾಗಿರುತ್ತದೆ. 298 ಕಿಲೋಮೀಟರಿನ ಸುತ್ತು, ಒಂದು ಬದಿ ಗುಡ್ಡ, ಒಂದು ಬದಿ ಕಡಲು. ಅಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಹೋಗುತ್ತವಾದ್ದರಿಂದ ಪ್ರದಕ್ಷಿಣೆ ಬಂದರೆ ಗುಡ್ಡದ ಪಕ್ಕ, ಅಪ್ರದಕ್ಷಿಣೆ ಬಂದರೆ ಕಡಲಿನ ಪಕ್ಕ. ಹ್ಯಾಲಿಫ್ಯಾಕ್ಸಿನಲ್ಲಿರುವ ನಮ್ಮ ಹುಡುಗ ಕಡಲಿನ ಪಕ್ಕವೇ ಎಂದು ತಿಂಗಳ ಮೊದಲೇ ತೀರ್ಮಾನಿಸಿದ್ದ. "ಅಪ್ರದಕ್ಷಿಣೆ ಬರಬಾರದು ಕಣೋ" ಎಂದು ಅಕ್ಕ ತಕರಾರು ತೆಗೆದಳು. "ಇದು ದೇವಸ್ಥಾನ ಅಲ್ಲಮ್ಮ" ಎಂದು ಅವನು ಗಾಡಿ ಸ್ಟಾರ್ಟ್ ಮಾಡಿದ. ಮಳೆ ಆಗಲೇ ಹಿಡಿದಿತ್ತು.

ಬ್ಯಾಡೆಕ್‌ನಲ್ಲಿ ಟೆಲಿಫೋನಿನ ಗ್ರಹಾಂ ಬೆಲ್ ಸಾಹೇಬನ ಮ್ಯೂಸಿಯಂ ಇದೆ. ಅಲ್ಲಿನ ತನ್ನ ಎಸ್ಟೇಟಿನಲ್ಲಿ ಆ ಪುಣ್ಯಾತ್ಮ ಕುರಿಗಳಿಗೆ ಹೆಚ್ಚು ಮೊಲೆತೊಟ್ಟು ಬರುವಂತೆ ತಳಿ ತೆಗೆಯುತ್ತಾ ವರ್ಷಗಟ್ಟಲೆ ಕಳೆದ. ಅವನ ಬಗ್ಗೆ ಬರೆಯುವವರು ಬೇಕಾದಷ್ಟು ಜನರಿದ್ದಾರೆ. ನನ್ನ ಮನಸ್ಸು ಹೋದದ್ದು ಅಲ್ಲಿಂದ ಮುಂದಿನ ಸೇಂಟ್ ಆನ್ಸ್ ಎಂಬ ಕೊಲ್ಲಿಯ ಊರಿಗೆ. ಅಲ್ಲಿದ್ದ ಪಾದ್ರಿ ನಾರ್ಮನ್ ಮೆಕ್ಲೌಡ್ ಎಂಬ ಸಿಡುಕನ ಕಡೆಗೆ. ಕಿಟಕಿಯಾಚೆ ನೋಡಲು ಏನೂ ಇಲ್ಲದ್ದರಿಂದ ಅವನ ಕಥೆಯನ್ನು ನೆನಪಿದ್ದಷ್ಟು ಹೇಳತೊಡಗಿದೆ.

ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ. ಅಲ್ಲಿನ ಚರ್ಚಿನವರೊಂದಿಗೆ ಸರಿಬರಲಿಲ್ಲ; 1817ರಲ್ಲಿ ಹಡಗು ಹತ್ತಿ ನೋವಾ ಸ್ಕೋಷಿಯಾದ ಪಿಕ್ಟೂಗೆ ಬಂದ. ಅಲ್ಲಿಯೂ ಸರಿಬರಲಿಲ್ಲ. ಅಮೆರಿಕದ ಓಹಾಯೋಗೆ ಹೋಗುತ್ತೇನೆಂದು ಶಿಷ್ಯರಿಂದ ಹಡಗು ಕಟ್ಟಿಸಿದ. ಅದಕ್ಕೆ ಜನ ಇಟ್ಟ ಹೆಸರು 'ಆರ್ಕ್'. ಹೊರಟದ್ದು ಓಹಾಯೋಗೆ, ನೆಲೆಯಾದದ್ದು ಸೇಂಟ್ ಆನ್ಸಿನಲ್ಲಿ. ಆಮೇಲಿನ ಮೂರು ದಶಕ ಆ ಊರಿಗೆ ಅವನೇ ಪಾದ್ರಿ, ಅವನೇ ಮೇಷ್ಟ್ರು, ಅವನೇ ಮ್ಯಾಜಿಸ್ಟ್ರೇಟು. ಹೆಂಡತಿ ಚೆಂದದ ಟೋಪಿ ಹಾಕಿಕೊಂಡು ಬಂದಳೆಂದು ತುಂಬಿದ ಚರ್ಚಿನಲ್ಲೇ ಅವಳನ್ನು ಬೈದನೆಂದು ಜನ ಹೇಳುತ್ತಾರೆ.

"ಹೆಂಡತಿ ಏನಂದಳಂತೆ?" ಎಂದಳು ಅಕ್ಕ. ಅದನ್ನು ಯಾರೂ ಬರೆದಿಟ್ಟ ಹಾಗಿಲ್ಲ.

ಅಷ್ಟರಲ್ಲಿ ಕೇಪ್ ಸ್ಮೋಕಿಯ ತಿರುವು ಏರಿದೆವು. ಹೆಸರೇ ಹೊಗೆಯ ಭೂಶಿರ. ಅಂಥಲ್ಲಿಗೆ ಬಂದು ಮಂಜೆಂದು ದೂರುವುದರಲ್ಲಿ ಅರ್ಥವಿಲ್ಲ. ಮೇಲೆ ಗಾಡಿ ನಿಲ್ಲಿಸಿ ಕಡಲು ನೋಡುವ ಜಾಗ. ಹತ್ತು ಹನ್ನೆರಡು ಮಂದಿ ರೇನ್‌ಕೋಟು ತೊಟ್ಟು, ಕಟಾಂಜನ ಹಿಡಿದು, ಅಪ್ಪಟ ಬಿಳಿಯನ್ನು ದಿಟ್ಟಿಸುತ್ತಿದ್ದರು. ಸೂರ್ಯಾಸ್ತಕ್ಕೆಂದು ಜುಲೈಯಲ್ಲಿ ಆಗುಂಬೆಗೆ ಬರುವ ಬೆಂಗಳೂರಿನವರ ಹಾಗೆ. ಒಬ್ಬ ಹೆಂಡತಿಯನ್ನು ಆ ಬಿಳಿಗೆ ಬೆನ್ನು ಮಾಡಿ ನಿಲ್ಲಿಸಿ ಫೋಟೋ ತೆಗೆದ. ನಮ್ಮ ಹುಡುಗನೂ ತೆಗೆದ. ಅದನ್ನು ನಮ್ಮನೆ ಹಿತ್ತಲಲ್ಲೇ ತೆಗೆಯಬಹುದಿತ್ತು.

ನೀಲ್ಸ್ ಹಾರ್ಬರಿನಲ್ಲಿ ಎಲ್ಲರೂ ಮೀನಿನ ಸೂಪಿಗೆ ಸಾಲು ನಿಂತಿದ್ದರೆ ನಾವು ಕಾರಿನೊಳಗೆ ಸ್ಟೀಲಿನ ಡಬ್ಬಿ ಬಿಚ್ಚಿದೆವು. ಚಿತ್ರಾನ್ನದ ಹಬೆಗೆ ಗಾಜು ಒಳಗಿನಿಂದಲೂ ಮಬ್ಬಾಯಿತು. ಅಕ್ಕ ಸೆರಗಿನಿಂದ ಒರೆಸಿ ಒಂದು ಅಂಗೈ ಅಗಲ ಜಾಗ ಮಾಡಿದಳು. ಅದರಲ್ಲಿ ಪೇರಿಸಿಟ್ಟ ಏಡಿಬೋನುಗಳು, ಒಂದು ಕಡಲಹಕ್ಕಿ.

"ಆಮೇಲೆ ಪಾದ್ರಿ ಏನಾದ?"

1840ರ ದಶಕದ ಕೊನೆಗೆ ಆಲೂಗಡ್ಡೆಗೆ ರೋಗ ಬಿತ್ತು, ಚಳಿಯೂ ಜೋರಾಯಿತು, ಊರು ಹಸಿವಿಗೆ ಬಿತ್ತು. ಅದೇ ಹೊತ್ತಿಗೆ ಆಸ್ಟ್ರೇಲಿಯಾಕ್ಕೆ ಹೋಗಿದ್ದ ಮಗನ ಕಾಗದ: ಇಲ್ಲಿ ಹವೆ ಚೆನ್ನಾಗಿದೆ, ಬನ್ನಿ. ಎಪ್ಪತ್ತು ದಾಟಿದ ಮುದುಕ ಮತ್ತೆ ಹಡಗು ಕಟ್ಟಿಸಿ 1851ರಲ್ಲಿ ಹೊರಟ. ಅಡಿಲೇಡಿನಲ್ಲಿ ಇಳಿದರೆ ಮಗ ಮೆಲ್ಬರ್ನ್‌ಗೆ ಹೋಗಿಯಾಗಿತ್ತು. ಅಲ್ಲಿಯೂ ಒಗ್ಗದೆ ನ್ಯೂಜಿಲೆಂಡಿನ ವೈಪುಗೆ ಹೋಗಿ ನೆಲೆಸಿದರು. ಬರಬರುತ್ತಾ ಆರು ಹಡಗುಗಳಲ್ಲಿ ಎಂಟುನೂರಕ್ಕೂ ಹೆಚ್ಚು ಜನ ಕೇಪ್ ಬ್ರೆಟನ್ ಬಿಟ್ಟು ಅವನ ಹಿಂದೆ ಹೋದರು.

ಅಕ್ಕ ಡಬ್ಬಿಯ ಮುಚ್ಚಳ ಒತ್ತಿದಳು. "ಇವನೂ ಟೊರಾಂಟೊಗೆ ಬಾ ಅಂದ. ಕೊಟ್ಟಿಗೆ ಖಾಲಿ ಮಾಡಿ ಬಂದೆ. ವರ್ಷ ತುಂಬೋದರೊಳಗೆ ಹ್ಯಾಲಿಫ್ಯಾಕ್ಸ್ ಅಂದ."

"ಕೆಲಸ ಸಿಕ್ಕಿತಲ್ಲಮ್ಮ." ಹುಡುಗ ವೈಪರಿನ ವೇಗ ಹೆಚ್ಚಿಸಿದ.

ಮುಂದಿನ ಗುಡ್ಡಗಳಲ್ಲಿ ಮಾತಿರಲಿಲ್ಲ. ಫ್ರೆಂಚ್ ಮೌಂಟನ್ ಇಳಿದು ಶೆಟಿಕಾಂಪಿನತ್ತ ಬಂದಾಗ ಮಂಜು ಹೋಗಿ ಗಾಳಿ ಹಿಡಿಯಿತು. ಆಗ್ನೇಯದ ಗಾಳಿ ಗುಡ್ಡ ಹತ್ತಿ ಈ ಕಡೆಗೆ ಇಳಿಯುವಾಗ ರಭಸ ಹೆಚ್ಚಿಸಿಕೊಳ್ಳುತ್ತದೆ. ಗಂಟೆಗೆ 200 ಕಿಲೋಮೀಟರ್ ದಾಟಿದ್ದುಂಟು. ಫ್ರೆಂಚ್ ಮಾತಾಡುವ ಅಲ್ಲಿನ ಜನ ಅದಕ್ಕೆ 'ಸುಯೆಟ್' ಎನ್ನುತ್ತಾರೆ. ನಮಗೆ ಸಿಕ್ಕಿದ್ದು ಅದರ ಮರಿ ಇರಬೇಕು. ಆದರೂ ಬಾಗಿಲು ತೆಗೆಯಲು ಎರಡೂ ಕೈ ಬೇಕಾದವು. ಕಡಲು ಕೊನೆಗೂ ಕಂಡಿತು, ಬೂದಿಬಣ್ಣಕ್ಕೆ.

"ನೋಡಿ ಮಾವ, ನೋಡಿ!" ಎಂದ ಹುಡುಗ. ಎಪ್ಪತ್ತರ ಹೆಂಗಸನ್ನು ಬೇರುಸಹಿತ ಕಿತ್ತು ತಂದು ಸೀನರಿ ತೋರಿಸುವ ಇವನ ಮೇಲೆ ನನಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಅವನದು ಪ್ರೀತಿಯೇ, ಇಲ್ಲವೆನ್ನುವುದಿಲ್ಲ. ಪಾದ್ರಿಯ ಮಗನದೂ ಪ್ರೀತಿಯೇ ಇದ್ದಿರಬೇಕು.

ಅಕ್ಕ ಕಡಲಿಗೆ ಬೆನ್ನು ಮಾಡಿ, ಹಾರುವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಕಡೆ ತಿರುಗಿದಳು.

"ನೀನು ಊರಿಗೆ ಹೋದಕೂಡಲೇ ಜಗುಲಿ ಮೇಲಿನ ಹಂಚು ಸರಿ ಮಾಡಿಸು ಮಾರಾಯ. ಮನೆ ಮಾರ್ತೀರಾ ಅಂತ ಯಾರಾದರೂ ಕೇಳಿಕೊಂಡು ಬಂದರೆ, ಇಲ್ಲ ಅಂತಲೇ ಹೇಳು. ಇವನನ್ನು ಕೇಳೋಕೆ ಹೋಗಬೇಡ."