ಸುಸಲಾ ಪೊಟ್ಟಣದ ಮೇಲೆ 1098
ಬೀದರ್‌ನಲ್ಲಿ ಓದುವಾಗ ನಾವು ನಾಲ್ವರು ಗೆಳತಿಯರು ಭಾಲ್ಕಿ ಬಸ್ ನಿಲ್ದಾಣದ ಹೊರಗೆ ಸುಸಲಾ, ಮಿರ್ಚಿ ಮಾರಿದೆವು. ಔರಾದ್ ಕಡೆಯ ಹಳ್ಳಿಗಳಲ್ಲಿ ಮಾನವ ಸಾಗಣೆ ವಿರುದ್ಧ ಗೋಡೆಬರಹ ಬರೆಸಲು ದುಡ್ಡು ಬೇಕಿತ್ತು. ಹಳೆ ನೋಟ್‌ಬುಕ್ ಹಾಳೆಯ ಪೊಟ್ಟಣ. ಪ್ರತಿಯೊಂದರ ಮೇಲೂ ಮಕ್ಕಳ ಸಹಾಯವಾಣಿ 1098.

ಒಬ್ಬ ಆಯಿ ತಿಂದಾದ ಮೇಲೆ ಹಾಳೆ ಎಸೆಯಲಿಲ್ಲ. “ಇದೇನ್ ನಂಬರ್, ಮಗಳ?” ಹೇಳಿದೆ. ಸುಮ್ಮನೆ ನಿಂತಳು.

“ಮೊಮ್ಮಗಳಿಗೆ ಹೈದರಾಬಾದ್‌ನಾಗ ಮನಿಕೆಲಸ ಅಂತ ಒಬ್ಬಾಂವ ಮುಂಗಡ ಕೊಟ್ಟು ಹೋಗ್ಯಾನ. ಆಕಿಗಿನ್ನೂ ಹದಿಮೂರು.”

ಅಲ್ಲೇ ನನ್ನ ಫೋನಿಂದ ಹಚ್ಚಿಕೊಟ್ಟೆ. ಮುಂಗಡ ವಾಪಸ್ ಹೋಯಿತು, ಹುಡುಗಿ ಊರಲ್ಲೇ ಉಳಿದಳು.

ಆ ದಿನದ ಗಳಿಕೆ ಒಂದು ಡಬ್ಬಿ ಬಣ್ಣಕ್ಕೂ ಸಾಲಲಿಲ್ಲ. ಆದರೆ ಗೋಡೆಗೆ ಏನು ಬರೆಸಬೇಕೆಂದು ಆಯಿಯಿಂದಲೇ ಗೊತ್ತಾಯಿತು: ‘ಮುಂಗಡ ಹಿಡಿಯೋ ಮೊದಲು 1098ಕ್ಕೆ ಹಚ್ರಿ. ದುಡ್ಡು ಬೀಳಲ್ಲ.’