ಹೆಸರು ಕಾಯುವವರು

2021ರ ಅಕ್ಟೋಬರ್ 4, ಸೋಮವಾರ. ರಾತ್ರಿ ಒಂಬತ್ತು ಗಂಟೆ ದಾಟಿತ್ತು. ಕೊರೊನಾದ ಭಯ ಇನ್ನೂ ಪೂರ್ತಿ ಸರಿದಿರಲಿಲ್ಲ. ಪಾಠದ ಟಿಪ್ಪಣಿ, ಮನೆಗೆಲಸ, ಪರೀಕ್ಷೆಯ ಸೂಚನೆ ಎಲ್ಲವೂ ವಾಟ್ಸ್‌ಆ್ಯಪ್‌ನಲ್ಲೇ ಬರುತ್ತಿದ್ದ ದಿನಗಳು. ಇದ್ದಕ್ಕಿದ್ದಂತೆ ಅದು ನಿಂತುಹೋಯಿತು. ಮಕ್ಕಳು ಫೋನನ್ನು ಆರಿಸಿ ಮತ್ತೆ ಹಚ್ಚಿ ನೋಡಿದರು. ರೀಚಾರ್ಜ್ ಮುಗಿದಿರಬೇಕೆಂದು ಅಪ್ಪಂದಿರು ಗೊಣಗಿದರು. ಮೂರು ಹೊತ್ತೂ ಫೋನ್ ಹಿಡಿದರೆ ಇನ್ನೇನಾಗುತ್ತದೆ ಎಂದು ಅಮ್ಮಂದಿರು ರೇಗಿದರು. ತಪ್ಪು ಇವರಾರದೂ ಆಗಿರಲಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಜಗತ್ತಿನಾದ್ಯಂತ ಸುಮಾರು ಆರು ಗಂಟೆ ಕಾಲ ಸ್ತಬ್ಧವಾಗಿದ್ದವು.

ಆ ರಾತ್ರಿ ಕಳ್ಳರು ನುಗ್ಗಿರಲಿಲ್ಲ, ಯಂತ್ರಗಳು ಸುಟ್ಟಿರಲಿಲ್ಲ. ಮಾಮೂಲಿ ನಿರ್ವಹಣೆಯ ವೇಳೆ ಕೊಟ್ಟ ಒಂದು ಆಜ್ಞೆ ಕಂಪನಿಯ ಒಳಜಾಲವನ್ನೇ ಕಡಿದುಹಾಕಿತು. ಅಂಥ ತಪ್ಪನ್ನು ತಡೆಯಬೇಕಿದ್ದ ತಪಾಸಣಾ ತಂತ್ರಾಂಶದಲ್ಲೂ ದೋಷವಿತ್ತು. ಹೆಸರು ಹೇಳಿದರೆ ವಿಳಾಸ ಹೇಳುವ ಕಂಪ್ಯೂಟರುಗಳು, ಅಂದರೆ ಡೊಮೇನ್ ನೇಮ್ ಸರ್ವರ್‌ಗಳು, ತಮ್ಮ ಕೇಂದ್ರದ ಸಂಪರ್ಕ ತಪ್ಪಿತೆಂದು ತಿಳಿದು, ತಮ್ಮತ್ತ ಬರುವ ದಾರಿಯನ್ನು ತಾವೇ ಹಿಂತೆಗೆದುಕೊಂಡವು. ಅಂಗಡಿ ಇತ್ತು, ಅಂಗಡಿಯ ತುಂಬ ಸರಕೂ ಇತ್ತು. ಆದರೆ ಊರಿಗೆ ಹೋಗುವ ದಾರಿಯ ಕೈಕಂಬ ಮಾಯವಾಗಿತ್ತು. ರಿಪೇರಿಗೆಂದು ಧಾವಿಸಿದ ಎಂಜಿನಿಯರರಿಗೂ ಬಿಗಿ ಭದ್ರತೆಯ ಕಟ್ಟಡಗಳ ಒಳಗೆ ಹೋಗಿ ಕೆಲಸ ಶುರುಮಾಡಲು ಸಮಯ ಹಿಡಿಯಿತು.

ಅಂತರಜಾಲದಲ್ಲಿ ಪ್ರತಿ ಕಂಪ್ಯೂಟರಿನ ನಿಜವಾದ ಗುರುತು ಅದರ ಸಂಖ್ಯೆ. ಸೊನ್ನೆಯಿಂದ 255ರವರೆಗಿನ ನಾಲ್ಕು ಅಂಕೆಗಳನ್ನು ಚುಕ್ಕಿಯಿಟ್ಟು ಬರೆದರೆ ಅದೇ ಹಳೆಯ ಬಗೆಯ ವಿಳಾಸ. ಮನುಷ್ಯರಿಗೆ ಸಂಖ್ಯೆ ನೆನಪಿನಲ್ಲಿ ಉಳಿಯುವುದಿಲ್ಲ, ಹೆಸರು ಉಳಿಯುತ್ತದೆ. ಯಂತ್ರಕ್ಕೆ ಹೆಸರು ತಿಳಿಯುವುದಿಲ್ಲ, ಸಂಖ್ಯೆ ತಿಳಿಯುತ್ತದೆ. ಇವೆರಡರ ನಡುವೆ ಯಾರಾದರೂ ಕುಳಿತು ಪಟ್ಟಿ ಇಡಲೇಬೇಕು. ಆ ಪಟ್ಟಿ ಇಟ್ಟವರ ಕಥೆ ಪಠ್ಯಪುಸ್ತಕಗಳಲ್ಲಿ ಕಾಣುವುದು ಅಪರೂಪ.

ರಸಾಯನಶಾಸ್ತ್ರದಿಂದ ಬಂದವರು

ಎಲಿಜಬೆತ್ ಫೈನ್ಲರ್ ಹುಟ್ಟಿದ್ದು 1931ರಲ್ಲಿ, ಅಮೆರಿಕದ ಪಶ್ಚಿಮ ವರ್ಜೀನಿಯಾದ ವೀಲಿಂಗ್ ಎಂಬ ಊರಿನಲ್ಲಿ. ಆ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು ಅವರೇ. ಓದಿದ್ದು ರಸಾಯನಶಾಸ್ತ್ರ. ಮುಂದೆ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಪದವಿಗೆ ಸಿದ್ಧತೆ ನಡೆಸಿದ್ದರು. ಪ್ರಬಂಧಕ್ಕೆ ಕೂರುವ ಮುನ್ನ ಒಂದೆರಡು ವರ್ಷ ದುಡಿದು ನಾಲ್ಕು ಕಾಸು ಕೂಡಿಸೋಣವೆಂದು ಕೊಲಂಬಸ್ ನಗರದ ಕೆಮಿಕಲ್ ಆ್ಯಬ್‌ಸ್ಟ್ರಾಕ್ಟ್ಸ್ ಸಂಸ್ಥೆಗೆ ಸೇರಿದರು. ಜಗತ್ತಿನ ರಾಸಾಯನಿಕ ಸಂಯುಕ್ತಗಳನ್ನೆಲ್ಲ ಸೂಚಿಯಲ್ಲಿ ಜೋಡಿಸುವ ಕೆಲಸ. ಬೇರೆಯವರಿಗೆ ಬೇಸರ ತರಿಸುವಂಥ ಆ ಕೆಲಸ ಅವರನ್ನು ಹಿಡಿದು ನಿಲ್ಲಿಸಿತು. ಇಷ್ಟು ದೊಡ್ಡ ಮಾಹಿತಿಯ ರಾಶಿಯನ್ನು ಬೇಕೆಂದಾಗ ಸಿಗುವಂತೆ ಇಡುವುದು ಹೇಗೆ? ಈ ಪ್ರಶ್ನೆ ಹೊಕ್ಕ ಮೇಲೆ ಅವರು ಜೀವರಸಾಯನಶಾಸ್ತ್ರಕ್ಕೆ ಮರಳಲೇ ಇಲ್ಲ.

ಮಗಳು ಪಿಎಚ್.ಡಿ. ಅರ್ಧಕ್ಕೆ ಬಿಟ್ಟಳು ಎಂಬ ಮಾತು ಯಾವ ಮನೆಯಲ್ಲಾದರೂ ನೋವಿನ ಮಾತೇ. ನೆಂಟರೆದುರು ಹೇಳಿಕೊಳ್ಳಲು ಹಿಂಜರಿಯುವ ಸಂಗತಿ. ಆದರೆ ಬಿಟ್ಟದ್ದು ಪದವಿಯನ್ನು ಮಾತ್ರ. ಒಂದು ವಸ್ತುವಿಗೆ ಒಂದೇ ಹೆಸರಿರಬೇಕು, ಒಂದು ಹೆಸರಿಗೆ ಒಂದೇ ವಸ್ತುವಿರಬೇಕು ಎಂಬ ರಸಾಯನಶಾಸ್ತ್ರದ ಶಿಸ್ತು ಅವರೊಂದಿಗೇ ಬಂತು.

1960ರಲ್ಲಿ ಅವರು ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನಲ್ಲಿದ್ದ ಎಸ್‌ಆರ್‌ಐ ಸಂಶೋಧನಾ ಸಂಸ್ಥೆಗೆ ಬಂದರು. ಕಂಪ್ಯೂಟರ್ ಮೌಸ್ ರೂಪಿಸಿದ ಡಗ್ಲಸ್ ಎಂಗೆಲ್‌ಬಾರ್ಟ್ ಅಲ್ಲಿಯೇ ಇದ್ದರು. ಇಂದಿನ ಅಂತರಜಾಲದ ತಾಯಿಬೇರು ಎನ್ನಬಹುದಾದ ಅರ್ಪಾನೆಟ್ 1969ರ ಅಕ್ಟೋಬರ್ 29ರಂದು ಮೊದಲ ಸಂದೇಶ ಕಳಿಸಿದ್ದು ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಿಂದ ಇದೇ ಎಸ್‌ಆರ್‌ಐಗೆ. 1972ರಲ್ಲಿ ಎಂಗೆಲ್‌ಬಾರ್ಟರ ತಂಡ ಸೇರಿದ ಫೈನ್ಲರ್, ಜಾಲದಲ್ಲಿ ಯಾವ ಯಂತ್ರ ಎಲ್ಲಿದೆ, ಅದರಲ್ಲಿ ಏನಿದೆ ಎಂಬ ಕೈಪಿಡಿ ಬರೆದರು. ಕೆಲವೇ ವರ್ಷಗಳಲ್ಲಿ ಅಲ್ಲಿನ ನೆಟ್‌ವರ್ಕ್ ಮಾಹಿತಿ ಕೇಂದ್ರದ ಹೊಣೆ ಅವರದಾಯಿತು.

ಆಗ ಜಾಲಕ್ಕೆ ಹೊಸ ಕಂಪ್ಯೂಟರ್ ಸೇರಬೇಕಾದರೆ ಕಚೇರಿಯ ವೇಳೆಯಲ್ಲಿ ಈ ಕೇಂದ್ರಕ್ಕೆ ಫೋನ್ ಮಾಡಬೇಕಿತ್ತು. ಆ ಹೆಸರು ಬೇರೆಯವರದಲ್ಲವೇ ಎಂದು ನೋಡಿ ಕೇಂದ್ರದವರು ಪಟ್ಟಿಗೆ ಸೇರಿಸುತ್ತಿದ್ದರು. ಇಡೀ ಜಾಲಕ್ಕೆ ಒಂದೇ ಕಡತ. ಜಾಲದ ಪ್ರತಿಯೊಂದು ಯಂತ್ರವೂ ಅದರ ನಕಲನ್ನು ತಂದಿಟ್ಟುಕೊಳ್ಳಬೇಕು. ಇಂದಿನ ಕಂಪ್ಯೂಟರುಗಳಲ್ಲೂ 'ಹೋಸ್ಟ್ಸ್' ಎಂಬ ಪುಟ್ಟ ಕಡತವೊಂದು ಮೂಲೆಯಲ್ಲಿ ಕುಳಿತಿರುತ್ತದೆ. ಮನುಷ್ಯನ ಬೆನ್ನಿನ ತುದಿಯಲ್ಲಿ ಬಾಲದ ಮೂಳೆ ಉಳಿದಿಲ್ಲವೇ, ಹಾಗೆ.

ನೋಟ್‌ಬುಕ್ಕಿನ ಮನುಷ್ಯ

ಹೆಸರನ್ನು ಫೈನ್ಲರ್ ಕಾದರೆ ಸಂಖ್ಯೆಗಳನ್ನು ಕಾದವರು ಜಾನ್ ಪೋಸ್ಟೆಲ್. 1943ರಲ್ಲಿ ಹುಟ್ಟಿದ, ಉದ್ದ ಗಡ್ಡದ, ಕಾಲಿಗೆ ಸಾದಾ ಚಪ್ಪಲಿ ಮೆಟ್ಟುತ್ತಿದ್ದ ಮನುಷ್ಯ. ಅಂತರಜಾಲದ ಚರಿತ್ರೆಯಲ್ಲಿ ದೊಡ್ಡ ಹೆಸರುಗಳಾದ ವಿಂಟ್ ಸರ್ಫ್, ಸ್ಟೀವ್ ಕ್ರಾಕರ್ ಮತ್ತು ಈ ಪೋಸ್ಟೆಲ್ ಮೂವರೂ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್ ಎಂಬಲ್ಲಿನ ಒಂದೇ ಪ್ರೌಢಶಾಲೆಯಲ್ಲಿ ಓದಿದವರು. ಜಾಲ ಶುರುವಾದಾಗ ಯಾವ ಸಂಖ್ಯೆ ಯಾರಿಗೆ ಕೊಟ್ಟಿದೆ ಎಂದು ಯಾರಾದರೂ ಬರೆದಿಡಬೇಕಿತ್ತು. ವಿದ್ಯಾರ್ಥಿಯಾಗಿದ್ದ ಪೋಸ್ಟೆಲ್ ಮುಂದೆ ಬಂದು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದರು. ಆ ಕೆಲಸ ಸುಮಾರು ಮೂವತ್ತು ವರ್ಷ ಅವರ ಕೈ ಬಿಡಲಿಲ್ಲ.

ಪಟ್ಟಿ ಭಾರವಾದಾಗ

1981ರ ಆಗಸ್ಟ್‌ನಲ್ಲಿ ಜಾಲದಲ್ಲಿದ್ದ ಕಂಪ್ಯೂಟರುಗಳು 213. 1984ರ ಅಕ್ಟೋಬರ್‌ನಲ್ಲಿ 1,024. 1987ರ ಡಿಸೆಂಬರ್ ವೇಳೆಗೆ 28,174. ಇಲ್ಲಿ ಒಂದು ಲೆಕ್ಕವಿದೆ. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಮಾಡಿ ನೋಡಬಹುದು. 213 ಯಂತ್ರಗಳಿದ್ದರೆ ಪಟ್ಟಿಯಲ್ಲಿ 213 ಸಾಲು. ಪ್ರತಿ ಯಂತ್ರವೂ ಅದನ್ನು ಒಮ್ಮೆ ತರಿಸಿಕೊಂಡರೆ ಜಾಲದ ಮೇಲೆ ಹರಿಯುವ ಸಾಲುಗಳು 213 ಗುಣಿಸು 213, ಅಂದರೆ 45,369. ಯಂತ್ರಗಳು 28,174 ಆದಾಗ ಅದೇ ಗುಣಾಕಾರ 79 ಕೋಟಿ ದಾಟುತ್ತದೆ. ಯಂತ್ರಗಳು ಹೆಚ್ಚಿದ್ದು 132 ಪಟ್ಟು. ಹೊರೆ ಹೆಚ್ಚುವುದು ಸುಮಾರು 17,500 ಪಟ್ಟು. ವರ್ಗದ ನಿಯಮ ಯಾರನ್ನೂ ಬಿಡುವುದಿಲ್ಲ. ಪಟ್ಟಿ ತಲಪುವ ಹೊತ್ತಿಗೆ ಹಳತಾಗಿರುತ್ತಿತ್ತು. ಎಷ್ಟೇ ಶ್ರದ್ಧೆಯ ಕೈಯಾದರೂ ಒಂದೇ ಕೈ ಸಾಲದಾಯಿತು.

ಪರಿಹಾರಕ್ಕಾಗಿ ಐದು ಸಲಹೆಗಳು ಬಂದಿದ್ದವು. ಅವನ್ನೆಲ್ಲ ಹೊಂದಿಸಿ ಕೊಡು ಎಂದು ಪೋಸ್ಟೆಲ್ ಕಿರಿಯ ಸಹೋದ್ಯೋಗಿ ಪಾಲ್ ಮೊಕಪೆಟ್ರಿಸ್‌ಗೆ ಒಪ್ಪಿಸಿದರು. ಆತ ಐದನ್ನೂ ಬದಿಗಿಟ್ಟು ಆರನೆಯದನ್ನು ಕಟ್ಟಿದ. 1983ರಲ್ಲಿ ಬಂದ ಡೊಮೇನ್ ಹೆಸರಿನ ವ್ಯವಸ್ಥೆ ಅದೇ.

ಅದರ ಗುಟ್ಟು ಅಂಚೆ ಲಕೋಟೆಯಲ್ಲಿದೆ. ಲಕೋಟೆಯ ಮೇಲೆ ಮೊದಲು ಹೆಸರು, ಆಮೇಲೆ ಊರು, ತಾಲ್ಲೂಕು, ಜಿಲ್ಲೆ. ಅಂಚೆಯವರು ಓದುವುದು ಕೆಳಗಿನಿಂದ ಮೇಲಕ್ಕೆ. 'ಕರ್ನಾಟಕ.ಗವ್.ಇನ್' ಎಂಬ ಹೆಸರನ್ನೂ ಹಿಂದಿನಿಂದ ಓದಬೇಕು. ಎಲ್ಲಕ್ಕೂ ಮೇಲಿನ ಮೂಲ ಸರ್ವರ್‌ಗೆ 'ಇನ್' ಯಾರ ಕೈಯಲ್ಲಿದೆ ಎಂಬುದಷ್ಟೇ ಗೊತ್ತು. 'ಇನ್' ನೋಡಿಕೊಳ್ಳುವವರಿಗೆ 'ಗವ್.ಇನ್' ಎಲ್ಲಿದೆ ಎಂದು ಗೊತ್ತು. 'ಗವ್.ಇನ್' ನೋಡಿಕೊಳ್ಳುವ ರಾಷ್ಟ್ರೀಯ ಮಾಹಿತಿ ಕೇಂದ್ರಕ್ಕೆ ಕರ್ನಾಟಕದ್ದು ಗೊತ್ತು. ಯಾರಿಗೂ ಎಲ್ಲವೂ ಗೊತ್ತಿಲ್ಲ. ಮುಂದೆ ಯಾರನ್ನು ಕೇಳಬೇಕೆಂಬುದು ಮಾತ್ರ ಎಲ್ಲರಿಗೂ ಗೊತ್ತು. ಒಮ್ಮೆ ಸಿಕ್ಕ ಉತ್ತರವನ್ನು ಕೇಳಿದವರು ಕೆಲಕಾಲ ನೆನಪಿಟ್ಟುಕೊಳ್ಳಬಹುದು. ಹೀಗೆ ಒಂದೇ ಹೆಗಲಿನ ಹೊರೆ ಲಕ್ಷಾಂತರ ಹೆಗಲುಗಳಿಗೆ ಹಂಚಿತು. ಒಬ್ಬರ ಪಟ್ಟಿಯ ಕಾಲ ನಿಧಾನವಾಗಿ ಮುಗಿಯಿತು. ಕಾಂ, ಎಡು, ಗವ್, ಮಿಲ್, ಆರ್ಗ್ ಮೊದಲಾದ ಹೊಸ ಹೆಸರುಗಳ ನೋಂದಣಿಯನ್ನು ಆರಂಭದಲ್ಲಿ ನಡೆಸಿಕೊಟ್ಟದ್ದೂ ಫೈನ್ಲರ್ ಅವರ ಕೇಂದ್ರವೇ. ತಾವು ಬೆಳೆಸಿದ ಪದ್ಧತಿಯ ಬಾಗಿಲು ಮುಚ್ಚುವ ಕೆಲಸವನ್ನೂ ಅವರು ಅಷ್ಟೇ ಅಚ್ಚುಕಟ್ಟಾಗಿ ಮಾಡಿದರು. 1989ರಲ್ಲಿ ಎಸ್‌ಆರ್‌ಐ ಬಿಟ್ಟರು. ಅದೇ ವರ್ಷ ಭಾರತದ 'ಇನ್' ಆ ಪಟ್ಟಿಗೆ ಸೇರಿತು.

ಚುಕ್ಕಿಯ ಬೆಲೆ

ಇಂದು ಪ್ರತಿಯೊಂದು ಕಾಲೇಜು, ಬ್ಯಾಂಕು, ಆಸ್ಪತ್ರೆಗೂ ಇಂಥ ಒಬ್ಬ ಕಾವಲುಗಾರ ಬೇಕು. ಆತನ ಕೆಲಸ ನೋಡಲು ಸಣ್ಣದು. ಸಂಸ್ಥೆಯ ಕಂಪ್ಯೂಟರುಗಳಿಗೆ ಸಂಖ್ಯೆ ಹಂಚಬೇಕು. ಗ್ರಂಥಾಲಯದ ಪುಸ್ತಕದಂತೆ ಅವನ್ನು ಅವಧಿಗೆ ಎರವಲು ಕೊಟ್ಟು ಹಿಂಪಡೆಯುವ ವ್ಯವಸ್ಥೆಯೂ ಉಂಟು. ಹೆಸರುಗಳ ಕಡತ ತಿದ್ದಬೇಕು. ಆ ಕಡತಕ್ಕೊಂದು ಕ್ರಮಸಂಖ್ಯೆ ಇರುತ್ತದೆ. ತಿದ್ದಿದ ಮೇಲೆ ಅದನ್ನು ಏರಿಸಲು ಮರೆತರೆ ಎರಡನೆಯ ಸರ್ವರ್ ಬದಲಾವಣೆಯಾಗಿಲ್ಲವೆಂದೇ ತಿಳಿದು ಹಳೆಯ ಉತ್ತರವನ್ನೇ ಹೇಳುತ್ತಿರುತ್ತದೆ. ಪೂರ್ಣ ಹೆಸರಿನ ಕೊನೆಗೆ ಒಂದು ಚುಕ್ಕಿ ಬಿಟ್ಟರೆ, ಬಾಲಕ್ಕೆ ಬಾಲ ಅಂಟಿ, ಇಲ್ಲದ ಹೆಸರೊಂದು ಹುಟ್ಟುತ್ತದೆ. ಉತ್ತರವನ್ನು 86,400 ಸೆಕೆಂಡು ನೆನಪಿಡಿ ಎಂದು ಬರೆದಿದ್ದರೆ ಒಂದು ತಪ್ಪು ಒಂದಿಡೀ ದಿನ ಲೋಕದಲ್ಲಿ ತಿರುಗುತ್ತದೆ. ಜಾಣ ನಿರ್ವಾಹಕ ದೊಡ್ಡ ಬದಲಾವಣೆಗೆ ಮುಂಚೆಯೇ ಆ ಅವಧಿಯನ್ನು ಇಳಿಸಿಡುತ್ತಾನೆ. ಎರಡು ಸರ್ವರ್‌ಗಳನ್ನು ಒಂದೇ ಕೋಣೆಯಲ್ಲಿ ಇಡುವುದಿಲ್ಲ. ಎಲ್ಲ ಸರಿಯಿದ್ದಾಗ ಆತನನ್ನು ಯಾರೂ ನೆನೆಯುವುದಿಲ್ಲ. ತಪ್ಪಿದ ದಿನ ಎಲ್ಲರೂ ಹುಡುಕುತ್ತಾರೆ.

ಜಾಲ ದೊಡ್ಡದಾದಂತೆ ಹೆಸರಿಗೂ ಬೆಲೆ ಬಂತು. 1995ರವರೆಗೆ ಉಚಿತವಾಗಿದ್ದ ನೋಂದಣಿಗೆ ಶುಲ್ಕ ಬಿತ್ತು. ಈ ಪಟ್ಟಿ ಯಾರದು ಎಂಬ ಜಗಳ ಎದ್ದಿತು. 1998ರ ಜನವರಿ 28ರಂದು ಪೋಸ್ಟೆಲ್ ಎಂಟು ಮೂಲ ಸರ್ವರ್‌ಗಳ ನಿರ್ವಾಹಕರಿಗೆ ಒಂದು ಇ-ಮೇಲ್ ಬರೆದು, ಮೂಲ ಪಟ್ಟಿಯನ್ನು ಇನ್ನುಮುಂದೆ ತಮ್ಮ ಸಂಸ್ಥೆಯ ಯಂತ್ರದಿಂದ ಪಡೆಯುವಂತೆ ಕೇಳಿಕೊಂಡರು. ಅವರು ಕೇಳಿದರೆಂಬ ಒಂದೇ ಕಾರಣಕ್ಕೆ ನಿರ್ವಾಹಕರು ಹಾಗೆಯೇ ಮಾಡಿದರು. ಅಮೆರಿಕ ಸರ್ಕಾರ ಆಕ್ಷೇಪಿಸಿತು. ಅದು ಬರೀ ಪರೀಕ್ಷೆಯೆಂದು ಹೇಳಿ ಪೋಸ್ಟೆಲ್ ಎಲ್ಲವನ್ನೂ ಮೊದಲಿನಂತೆ ಮಾಡಿದರು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಒಬ್ಬ ಮನುಷ್ಯನ ಒಂದು ಮಾತಿಗೆ ಇಷ್ಟು ತೂಕ ಬಂದದ್ದು ಹಣದಿಂದಲ್ಲ, ಅಧಿಕಾರದಿಂದಲೂ ಅಲ್ಲ. ಮೂರು ದಶಕ ಪಟ್ಟಿಯನ್ನು ಪಕ್ಷಪಾತವಿಲ್ಲದೆ ಇಟ್ಟದ್ದರಿಂದ. ಅಷ್ಟು ತೂಕ ಒಬ್ಬನ ಮೇಲೆ ಇರಬಾರದೆಂಬುದೂ ಅಂದೇ ಸ್ಪಷ್ಟವಾಯಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಈ ಹೊಣೆಗಾಗಿ ಐಕ್ಯಾನ್ ಎಂಬ ಸಂಸ್ಥೆ ರೂಪುಗೊಂಡಿತು. ಅಕ್ಟೋಬರ್ 16ರಂದು, ಹೃದಯದ ಶಸ್ತ್ರಚಿಕಿತ್ಸೆಯ ನಂತರ, ಪೋಸ್ಟೆಲ್ ತೀರಿಕೊಂಡರು. ಅವರಿಗಿನ್ನೂ 55 ವರ್ಷ.

ಹಳೆಯ ಬಗೆಯ 429 ಕೋಟಿ ಸಂಖ್ಯೆಗಳ ಕೇಂದ್ರ ದಾಸ್ತಾನು 2011ರ ಫೆಬ್ರವರಿ 3ರಂದು ಬರಿದಾಯಿತು. ಇನ್ನೂ ಉದ್ದದ ಹೊಸ ಸಂಖ್ಯೆಗಳು ಬಂದಿವೆ. ಒಂದು ಕಾಲಕ್ಕೆ ಇಂಗ್ಲಿಷ್ ಅಕ್ಷರ ಮಾತ್ರ ತಿಳಿದಿದ್ದ ಮೂಲ ಪಟ್ಟಿಯಲ್ಲಿ ಕನ್ನಡ ಲಿಪಿಯ '.ಭಾರತ' ಕೂಡ ಸೇರಿದೆ. ಆ ಹೆಸರುಗಳನ್ನು ಕಾಯಲು, ತಿದ್ದಲು, ಚುಕ್ಕಿ ಬಿಡದೆ ಬರೆಯಲು ಮುಂದೆಯೂ ಜನ ಬೇಕು.

ಮಗ ಎಂಜಿನಿಯರ್ ಆಗಲಿಲ್ಲ, ಮಗಳು ಹಿಡಿದ ಓದು ಬಿಟ್ಟಳು ಎಂದು ಕೊರಗುವ ಮನೆಗಳು ಬಹಳ. ಅಂಥ ಮನೆಯವರು ಒಮ್ಮೆ ಮಕ್ಕಳ ಕೈಬರಹದ ನೋಟ್‌ಬುಕ್ ತೆರೆದು ನೋಡಬೇಕು. ಸಾಲು ನೇರವಾಗಿದೆಯೇ, ದಿನಾಂಕ ಹಾಕಿದೆಯೇ, ತಪ್ಪಾದುದನ್ನು ಹೊಡೆದು ಸರಿಯಾದುದನ್ನು ಪಕ್ಕದಲ್ಲೇ ಬರೆದಿದೆಯೇ? ಹಾಗಿದ್ದರೆ ಚಿಂತೆ ಸ್ವಲ್ಪ ಕಡಿಮೆ ಮಾಡಿಕೊಳ್ಳಬಹುದು. ಅಂತರಜಾಲದ ಸಂಖ್ಯೆಗಳ ಲೆಕ್ಕವೂ ಒಂದು ಕಾಲಕ್ಕೆ ಅಂಥದೊಂದು ನೋಟ್‌ಬುಕ್ಕಿನಲ್ಲೇ ಇತ್ತು.